ವಿಶ್ವವಿದ್ಯಾಲಯದ ಮುಕ್ತ ಸಂಪನ್ಮೂಲ ನೀತಿ: ಕನ್ನಡ ವಿಶ್ವಕೋಶದಿಂದ ಯಾವಗಲ್ಲಿನ ಓದುಗನವರೆಗೆ

ಯಾರು ಬೇಕಾದರೂ ದುಡ್ಡು ಕೊಡದೆ ಓದಬಹುದಾದ, ಪ್ರತಿ ಮಾಡಿ ಹಂಚಬಹುದಾದ, ತಿದ್ದಿ ತಮ್ಮ ತರಗತಿಗೆ ಒಗ್ಗಿಸಿಕೊಳ್ಳಬಹುದಾದ ಪಾಠಸಾಮಗ್ರಿಯನ್ನು ಮುಕ್ತ ಶೈಕ್ಷಣಿಕ ಸಂಪನ್ಮೂಲ ಎನ್ನುತ್ತಾರೆ. ಈ ಹೆಸರು ಬಳಕೆಗೆ ಬಂದದ್ದು 2002ರಲ್ಲಿ ಯುನೆಸ್ಕೊ ನಡೆಸಿದ ಸಭೆಯಿಂದ. 2019ರ ನವೆಂಬರಿನಲ್ಲಿ ಅದೇ ಸಂಸ್ಥೆ ಸದಸ್ಯ ರಾಷ್ಟ್ರಗಳಿಗೆ ಈ ಕುರಿತು ಶಿಫಾರಸು ಹೊರಡಿಸಿತು. ಪುಕ್ಕಟೆ ಸಿಗುವುದೆಲ್ಲ ಮುಕ್ತವಲ್ಲ. ತಿದ್ದಲು, ಮರುಹಂಚಲು ಲಿಖಿತ ಅನುಮತಿ ಇಲ್ಲದ ಕಡತ ಜಾಲತಾಣದಲ್ಲಿದ್ದರೂ ಕಾನೂನಿನ ಕಣ್ಣಿಗೆ ಬೀಗ ಹಾಕಿದ ಪುಸ್ತಕವೇ.

ಕರ್ನಾಟಕದ ವಿಶ್ವವಿದ್ಯಾಲಯಗಳಿಗೆ ಈ ಆಶಯ ಹೊರಗಿನಿಂದ ಬಂದದ್ದಲ್ಲ. 1930ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರು ಊರೂರಿಗೆ ಹೋಗಿ ಪ್ರಚಾರೋಪನ್ಯಾಸ ಕೊಟ್ಟರು. ಆ ಉಪನ್ಯಾಸಗಳು ಕಿರುಹೊತ್ತಗೆಗಳಾಗಿ ಅಚ್ಚಾದವು. ವಿಶ್ವವಿದ್ಯಾನಿಲಯದ ಪ್ರಕಟಣಾ ವಿಭಾಗವಾದ ಪ್ರಸಾರಾಂಗದ ಬೇರು ಅಲ್ಲಿದೆ. ಅದೇ ವಿಶ್ವವಿದ್ಯಾನಿಲಯ ಕನ್ನಡ ವಿಶ್ವಕೋಶದ ಮೊದಲ ಸಂಪುಟವನ್ನು 1969ರಲ್ಲಿ ತಂದಿತು. ಕೆಲಸ ದಶಕಗಳ ಕಾಲ ನಡೆದು 14 ಸಂಪುಟಗಳಿಗೆ ಬೆಳೆಯಿತು. 2014ರಲ್ಲಿ ಅದರ ಆರು ಸಂಪುಟಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಲಾಯಿತು. ಮೂಲಕ್ಕೆ ಮನ್ನಣೆ ಕೊಡಬೇಕು, ತಿದ್ದಿ ಬೆಳೆಸಿದ್ದನ್ನೂ ಅದೇ ಷರತ್ತಿನಲ್ಲಿ ಹಂಚಬೇಕು ಎಂಬುದು ಆ ಪರವಾನಗಿಯ ತಿರುಳು. ವಿಶ್ವಕೋಶದ ಲೇಖನಗಳು ಕನ್ನಡ ವಿಕಿಸೋರ್ಸ್ ಎಂಬ ಮುಕ್ತ ಜಾಲಗ್ರಂಥಾಲಯ ಸೇರಿದವು. ವಿಶ್ವವಿದ್ಯಾಲಯವೊಂದು ತನ್ನ ಹೆಮ್ಮೆಯ ಗ್ರಂಥವನ್ನೇ ಹೀಗೆ ಬಿಟ್ಟುಕೊಟ್ಟದ್ದು ದೊಡ್ಡ ಹೆಜ್ಜೆ. ಆದರೆ ಅದು ಒಂದು ಗ್ರಂಥದ ಬಗ್ಗೆ ಕೈಗೊಂಡ ತೀರ್ಮಾನ. ಮುಂದೆ ಬರೆಯುವ ಪಠ್ಯಗಳಿಗೂ ಅನ್ವಯಿಸುವ ನಿಯಮ ಇದ್ದರೆ ಮಾತ್ರ ಅದನ್ನು ನೀತಿ ಎನ್ನಬಹುದು.

ನೀತಿ ಮೊದಲು ಬಗೆಹರಿಸಬೇಕಾದದ್ದು ಒಡೆತನವನ್ನು. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಮಿನಂತೆ, ಬೇರೆ ಒಪ್ಪಂದವಿಲ್ಲದಿದ್ದರೆ, ನೌಕರ ತನ್ನ ಉದ್ಯೋಗದ ಭಾಗವಾಗಿ ಬರೆದದ್ದರ ಮೊದಲ ಒಡೆಯ ಉದ್ಯೋಗದಾತ. ಅಧ್ಯಾಪಕ ರಾತ್ರಿ ಮನೆಯಲ್ಲಿ ಕೂತು ಬರೆದ ಟಿಪ್ಪಣಿ ಉದ್ಯೋಗದ ಭಾಗವೋ ಸ್ವಂತದ್ದೋ ಎಂಬ ಪ್ರಶ್ನೆಗೆ ಕಾಯ್ದೆಯಲ್ಲಿ ನೇರ ಉತ್ತರವಿಲ್ಲ. ಹೊರಗಿನ ಲೇಖಕರಿಂದ ಬರೆಸಿದ ಪಾಠಗಳದ್ದು ಇನ್ನೊಂದು ತೊಡಕು: ಕಾಯ್ದೆಯ 30ನೇ ಕಲಮು ಪರವಾನಗಿ ಬರಹದಲ್ಲಿರಬೇಕೆನ್ನುತ್ತದೆ. ಹಳೆಯ ಗೌರವಧನದ ರಸೀದಿಯನ್ನೇ ಅನುಮತಿ ಎಂದುಕೊಳ್ಳಲಾಗದು. ಆದ್ದರಿಂದ ಬರೆಯಿಸುವ ದಿನವೇ ಒಂದು ಪುಟದ ಒಪ್ಪಂದಕ್ಕೆ ಸಹಿ ಆಗಬೇಕು. ಅದರಲ್ಲಿ ಲೇಖಕರ ಹೆಸರು ಸದಾ ಉಳಿಯುವ ಮಾತೂ ಇರಬೇಕು. ಹೆಸರು ಅಳಿಸಿಹೋಗುತ್ತದೆಂಬ ಅಂಜಿಕೆಯಿಂದಲೇ ಹಿಂಜರಿಯುವ ಅಧ್ಯಾಪಕರಿಗೆ ಆ ಭರವಸೆ ಸಲ್ಲಬೇಕಾದದ್ದು.

ಕನ್ನಡದ ಮಟ್ಟಿಗೆ ಎರಡನೆಯ ಸಂಗತಿ ಲಿಪಿಯದು. ಯೂನಿಕೋಡ್‌ಗೆ ಮುಂಚಿನ ನುಡಿ ಫಾಂಟಿನಲ್ಲಿ ಬೆರಳಚ್ಚು ಮಾಡಿದ ‘ಕರ್ನಾಟಕ’ ಎಂಬ ಪದವನ್ನು ಪ್ರತಿ ಮಾಡಿ ಮೊಬೈಲಿಗೆ ಅಂಟಿಸಿದರೆ ‘ಕ’ ಇದ್ದಲ್ಲಿ ಇಂಗ್ಲಿಷಿನ ಪಿ ಅಕ್ಷರ, ‘ನ’ ಇದ್ದಲ್ಲಿ ಪೌಂಡ್ ನಾಣ್ಯದ ಚಿಹ್ನೆ ಮೂಡುತ್ತವೆ. ಅರ್ಕಾವತ್ತು ‘ನಾ’ ಆದ ಮೇಲೆ ಬಂದು ಕೂರುತ್ತದೆ. ಅಂಥ ಪಠ್ಯ ಹುಡುಕಿದರೆ ಸಿಗದು, ದೃಷ್ಟಿ ಇಲ್ಲದವರಿಗೆ ಓದಿ ಹೇಳುವ ತಂತ್ರಾಂಶಕ್ಕೂ ದಕ್ಕದು. ಪರವಾನಗಿ ಎಷ್ಟೇ ಉದಾರವಾಗಿದ್ದರೂ ತಿದ್ದಲಾಗದ ಕಡತ ಮುಕ್ತವಾಗುವುದಿಲ್ಲ. ಯೂನಿಕೋಡ್‌ನಲ್ಲಿ, ತಿದ್ದಬಹುದಾದ ರೂಪದಲ್ಲಿ ಸಲ್ಲಿಸಿದ ಪಠ್ಯವನ್ನೇ ಸ್ವೀಕರಿಸುವುದು ಎಂಬ ಒಂದು ಸಾಲು ನೀತಿಯಲ್ಲಿ ಇರಲೇಬೇಕು.

ಇಂಥ ನೀತಿಯ ಫಲ ಯಾರಿಗೆ ಎಂಬುದನ್ನು ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಯಾವಗಲ್ಲಿನಂಥ ಊರಿನಿಂದ ನೋಡಬೇಕು. ಆ ಜಿಲ್ಲೆಯ ಪದವಿ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿವೆ. ಗದಗಿನಲ್ಲೇ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವೂ ಇದೆ. ಕನ್ನಡ ಮಾಧ್ಯಮದಲ್ಲಿ ಬಿ.ಎ. ಓದುವ ಇಲ್ಲಿಯ ವಿದ್ಯಾರ್ಥಿಗೆ ಆಕರಗ್ರಂಥ ದೂರ, ಝೆರಾಕ್ಸ್ ನೋಟ್ಸು ಹತ್ತಿರ. ತಿದ್ದುವ ಹಕ್ಕಿನ ಬೆಲೆ ತಿಳಿಯುವುದು ಇಲ್ಲಿಯೇ. ಭೂಗೋಳದ ಪಠ್ಯ ಮುಕ್ತವಾಗಿದ್ದರೆ ಅಧ್ಯಾಪಕರು ಅದಕ್ಕೆ ಬೆಣ್ಣೆಹಳ್ಳ ಮಲಪ್ರಭೆಯನ್ನು ಕೂಡುವ ನಕ್ಷೆ ಸೇರಿಸಬಹುದು, ಎರೆ ಹೊಲದ ಹೆಸರುಕಾಳು, ಕಡಲೆಗಳನ್ನು ಉದಾಹರಣೆಯಾಗಿ ತರಬಹುದು. ಇತಿಹಾಸದ ಪಠ್ಯಕ್ಕೆ 1980ರ ನರಗುಂದ–ನವಲಗುಂದ ರೈತ ಬಂಡಾಯದ ಅಧ್ಯಾಯ ಬರೆದು ಕೂಡಿಸಬಹುದು. ನೆಟ್‌ವರ್ಕ್ ದುರ್ಬಲವಾದ ಕಡೆಗೆ ಅದನ್ನೇ ಮುದ್ರಿಸಿ ಹಂಚಲು ಯಾರನ್ನೂ ಕೇಳಬೇಕಿಲ್ಲ.

ಅಧ್ಯಾಪಕರೇ ಕೂಡಿ ಬರೆಯುವುದು ರಾಜ್ಯಕ್ಕೆ ಅಪರಿಚಿತವಲ್ಲ. ಶಾಲಾ ಶಿಕ್ಷಣದಲ್ಲಿ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ವಿಕಿಯನ್ನು ಸರ್ಕಾರಿ ಶಿಕ್ಷಕರು ಐಟಿ ಫಾರ್ ಚೇಂಜ್ ಸಂಸ್ಥೆಯ ನೆರವಿನಿಂದ ಕಟ್ಟಿದರು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಪಾಠಗಳು ಅದರಲ್ಲಿವೆ. ಕಾಲೇಜು ಹಂತದಲ್ಲಿ ಇದು ನಡೆಯಬೇಕಾದರೆ ಮುಕ್ತ ಪಠ್ಯ ಬರೆದದ್ದು, ಅನುವಾದಿಸಿದ್ದು, ಪರಿಷ್ಕರಿಸಿದ್ದು ಬಡ್ತಿಯ ಅಂಕಗಳಲ್ಲಿ ಲೆಕ್ಕಕ್ಕೆ ಬರಬೇಕು. ಪಠ್ಯಕ್ರಮ ಬದಲಾದಾಗಲೆಲ್ಲ ಹಳೆಯ ಪಾಠ ತಿದ್ದುವ ಹೊಣೆಯನ್ನು ಆಯಾ ವಿಷಯದ ಅಧ್ಯಯನ ಮಂಡಳಿಗೆ ಹೆಸರಿಟ್ಟು ವಹಿಸಬೇಕು. ಕಡತ ಕಾಯುವ ಕೆಲಸ ಗ್ರಂಥಾಲಯದ್ದು, ಅದಕ್ಕೆ ಬೇಕಾದ ಹಣ ವಾರ್ಷಿಕ ಆಯವ್ಯಯದಲ್ಲಿ ಪ್ರತ್ಯೇಕ ಬಾಬ್ತಾಗಿರಬೇಕು.