ಅಮ್ಮನ ಚೂರಿ, ಭರಣಿಯ ತಳ

ಅಮ್ಮ ತೀರಿಕೊಂಡ ಮೇಲೆ ಅಕ್ಕಂದಿರು ಬೆಳ್ಳಿ, ಹಿತ್ತಾಳೆ ಹಂಚಿಕೊಂಡರು. ನಾನು ಕೇಳಿ ತಂದದ್ದು ಆಕೆಯ ತರಕಾರಿ ಚೂರಿಯನ್ನು. ಊರಿನ ಕುಲುಮೆಯಲ್ಲಿ ಬಡಿಸಿದ್ದು. ಎರಡು ಬೆರಳಗಲವಿದ್ದ ಅದರ ಅಲಗು ಈಗ ಕಿರುಬೆರಳಿನಷ್ಟೂ ಇಲ್ಲ. ಕಳೆದ ತಿಂಗಳು ಮೊಂಡಾಗಿದ್ದ ಆ ಚೂರಿ ಟೊಮೆಟೊ ಮೇಲೆ ಜಾರಿ ನನ್ನ ಹೆಬ್ಬೆರಳನ್ನು ಕೊಯ್ದಿತು. "ಅತ್ತೆ, ಇನ್ನಾದರೂ ಅದನ್ನು ಎಸೆದುಬಿಡಿ" ಎಂದಳು ಸೊಸೆ. ಎಸೆಯಲಾರೆ, ಸಾಣೆಯವನಿಗೆ ಕೊಡಲೂ ಹೆದರಿಕೆ.

ಸಾಣೆ ಎಂದರೆ ಲೋಹವನ್ನು ತಿನ್ನುವ ಕೆಲಸ. ಹಿಂದೆ ನಮ್ಮಲ್ಲಿ ಕುರುಂದದ ಕಲ್ಲಿನ ಪುಡಿಯನ್ನು ಅರಗಿನಲ್ಲಿ ಕಲೆಸಿ ಸಾಣೆಚಕ್ರ ಮಾಡುತ್ತಿದ್ದರು. ಇಂಗ್ಲಿಷಿನವರ 'ಕೊರಂಡಮ್' ದಕ್ಷಿಣದ ಈ ಮಾತಿನಿಂದಲೇ ಹುಟ್ಟಿದ್ದು. 1891ರಲ್ಲಿ ಅಮೆರಿಕದ ಅಚೆಸನ್ ವಿದ್ಯುತ್ ಕುಲುಮೆಯಲ್ಲಿ ಕಾರ್ಬೊರಂಡಮ್ ತಯಾರಿಸಿದ. ಬರಬರುತ್ತ ಅರಗಿನ ಚಕ್ರ ಹಿಂದೆ ಸರಿಯಿತು. ಬೀದಿಯಲ್ಲಿ ಸಾಣೆಯವನು ಹಾರಿಸುವ ಕಿಡಿ ನೋಡಲು ಚಿಕ್ಕಂದಿನಲ್ಲಿ ನಾವು ಓಡುತ್ತಿದ್ದೆವು. ಹಾರಿಹೋಗುತ್ತಿದ್ದದ್ದು ಅಮ್ಮನ ಚೂರಿಯೇ ಎಂದು ಆಗ ಹೊಳೆದಿರಲಿಲ್ಲ.

ನಮ್ಮದು ಮಧುಗಿರಿ ಕಡೆ. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಅಲ್ಲಿನ ಚೆನ್ನರಾಯನದುರ್ಗದ ಉಕ್ಕಿನ ಕೆಲಸವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ನಮ್ಮ 'ಉಕ್ಕು' ಎಂಬ ಮಾತೇ ಪರದೇಶದಲ್ಲಿ 'ವೂಟ್ಜ್' ಆಯಿತೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಲಂಡನ್ನಿನ ಚಾಕು ತಯಾರಕ ಜೇಮ್ಸ್ ಸ್ಟೋಡಾರ್ಟ್ ಅದನ್ನು ಬಹಳ ಮೆಚ್ಚಿದ. 1820ರ ಸುಮಾರಿಗೆ ಅವನೊಡನೆ ಸೇರಿ ಅದರ ಗುಟ್ಟು ಹುಡುಕಿದವನು ಮೈಕೆಲ್ ಫ್ಯಾರಡೆ. ಪಾಠ ಮಾಡುವಾಗ ನಾವು ಆತನನ್ನು ವಿದ್ಯುತ್ತಿಗೇ ಕಟ್ಟಿಹಾಕಿಬಿಡುತ್ತೇವೆ! ಅಮ್ಮನ ಚೂರಿ ಆ ಉಕ್ಕಿನದೇನಲ್ಲ, ಲಾರಿಯ ಸ್ಪ್ರಿಂಗ್ ಪಟ್ಟಿಯದು. ಹೆಮ್ಮೆಗಾಗಿ ಸುಳ್ಳು ಹೇಳಬಾರದು.

ಪಾತ್ರೆ ಅಂಗಡಿಯಲ್ಲಿ ಚೂರಿ ಮಸೆಯುವ ಕಡ್ಡಿಗಳನ್ನು ಮುಂದಿಟ್ಟರು: ಗೀರುಗಳಿರುವ ಉಕ್ಕಿನದು, ನುಣುಪಾದ ಉಕ್ಕಿನದು, ಪಿಂಗಾಣಿಯದು, ವಜ್ರದ ಪುಡಿ ಲೇಪಿಸಿದ್ದು. ದಿನವೂ ಹೆಚ್ಚುವಾಗ ಚೂರಿಯ ಬಾಯಿ ಸವೆಯುವುದಕ್ಕಿಂತ ಮೊದಲು ಒಂದು ಪಕ್ಕಕ್ಕೆ ಮಡಚಿಕೊಳ್ಳುತ್ತದೆ. ಅದನ್ನು ನೆಟ್ಟಗೆ ನಿಲ್ಲಿಸುವುದೇ ಉಕ್ಕಿನ ಕಡ್ಡಿಯ ಮುಖ್ಯ ಕೆಲಸ. ಕಡ್ಡಿ ಅಲಗಿಗಿಂತ ಗಟ್ಟಿಯಾಗಿರಬೇಕು, ಉದ್ದವೂ ತುಸು ಹೆಚ್ಚಿರಬೇಕು. ಗೀರುಗಳ ಕಡ್ಡಿ ಸ್ವಲ್ಪ ಹೆರೆಯುತ್ತದೆ. ವಜ್ರದ್ದಂತೂ ಸಾಣೆಯ ತಮ್ಮನೇ. ಅಂಗಡಿಯವನು ಹೊಗಳಿದ್ದು ಅದನ್ನೇ, ಬೆಲೆಯೂ ಅದಕ್ಕೇ ಹೆಚ್ಚು. ನನ್ನ ಚೂರಿಯಲ್ಲಿ ಕೊಡಲು ಲೋಹವೆಲ್ಲಿದೆ? ನುಣುಪಾದದ್ದನ್ನು ತಂದೆ.

ಆದರೆ ಪೂರ್ತಿ ಮೊಂಡಾದ ಚೂರಿಗೆ ನುಣುಪು ಕಡ್ಡಿಯಿಂದ ಏನೂ ಆಗದು. ಎರಡು ದಿನ ಉಜ್ಜಿ ಸೋತೆ. ಪಿಂಗಾಣಿಯದನ್ನೇ ತರಬೇಕಿತ್ತೇನೋ ಎಂದುಕೊಳ್ಳುವಾಗ ನೆನಪಾಯಿತು: ಹಬ್ಬದ ಹಿಂದಿನ ದಿನ ಅಮ್ಮ ಉಪ್ಪಿನಕಾಯಿಯ ಖಾಲಿ ಭರಣಿಯನ್ನು ಬೋರಲು ಹಾಕಿ, ತಳದ ಹೊಳಪಿಲ್ಲದ ಒರಟು ಅಂಚಿನ ಮೇಲೆ ಚೂರಿ ಮಸೆಯುತ್ತಿದ್ದಳು. ಪಿಂಗಾಣಿ ಕಡ್ಡಿಯ ಕೆಲಸವೂ ಅದೇ ತಾನೆ?

ಭರಣಿ ಬೋರಲಾಯಿತು. ಎರಡೂ ಪಕ್ಕ ಹತ್ತು ಹತ್ತು ಸಲ ಮೆಲ್ಲಗೆ ಎಳೆದು, ಆಮೇಲೆ ಕಡ್ಡಿಗೆ ತಾಗಿಸಿದೆ. ಟೊಮೆಟೊ ಸಿಪ್ಪೆ ತಾನಾಗಿ ಸೀಳಿತು. ಈಗ ಅಡಿಗೆಗೆ ಮುಂಚೆ ಕಡ್ಡಿಗೆ ನಾಲ್ಕು ಸಲ ಎಳೆಯುವವಳು ಸೊಸೆಯೇ. ಭರಣಿಯನ್ನು ಮಾತ್ರ ಅವಳಿಗೆ ಇನ್ನೂ ಬಿಟ್ಟುಕೊಟ್ಟಿಲ್ಲ.