ಚಿತ್ರವನ್ನು ಕುಗ್ಗಿಸಿದ ಕೊಸೈನ್

ನಮ್ಮ ಪ್ರಯೋಗಾಲಯದಲ್ಲಿ ಬಿ.ಎಸ್ಸಿ. ವಿದ್ಯಾರ್ಥಿನಿಯೊಬ್ಬಳು ಲೇಸರ್ ಬೆಳಕನ್ನು ಕಿರಿದಾದ ಸೀಳುಗಂಡಿಯ ಮೂಲಕ ಹಾಯಿಸಿ, ಗೋಡೆಯ ಮೇಲೆ ಮೂಡಿದ ವಿವರ್ತನೆಯ ಪಟ್ಟಿಗಳ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಳು. ಅದನ್ನು ಗೆಳತಿಯ ಮೊಬೈಲಿಗೆ ಕಳುಹಿಸಿ, ಅಲ್ಲಿಂದ ಕಂಪ್ಯೂಟರಿಗೆ ಇಳಿಸಿ, ಬೆಳಕಿನ ತೀವ್ರತೆಯ ನಕ್ಷೆ ಬರೆದಳು. ಮಸುಕಾದ ಪಟ್ಟಿಗಳಿದ್ದ ಕಡೆ ರೇಖೆ ನಯವಾಗಿ ಇಳಿಯಬೇಕಿತ್ತು. ಬದಲಿಗೆ ಅಲ್ಲಿ ಮೆಟ್ಟಿಲುಗಳಿದ್ದವು. ಸರಿಯಾಗಿ ಪ್ರತಿ 8 ಪಿಕ್ಸೆಲ್‌ಗೆ ಒಂದು ಮೆಟ್ಟಿಲು. “ಸರ್, ಇದು ನಾವು ಓದಿದ ಯಾವ ಸೂತ್ರದಲ್ಲೂ ಇಲ್ಲವಲ್ಲ?” ಎಂದು ಕೇಳಿದಳು.

ಬೆಳಕಿನ ಸೂತ್ರದಲ್ಲಿ ಇಲ್ಲ, ನಿಜ. ಆ ಮೆಟ್ಟಿಲುಗಳ ಹಿನ್ನೆಲೆ ತಿಳಿಯಲು 1974ರಲ್ಲಿ ಪ್ರಕಟವಾದ, ಕೇವಲ 4 ಪುಟಗಳ ಒಂದು ಲೇಖನದವರೆಗೆ ಹೋಗಬೇಕು. ಅದರ ಮೊದಲ ಲೇಖಕರು ಬೆಂಗಳೂರಿನಲ್ಲಿ ಹುಟ್ಟಿದವರು.

ಅಂಕಿಗಳ ಹೊರೆ

ಫಿಲಂ ಕಾಲದಲ್ಲಿ ಒಂದು ರೋಲಿಗೆ 36 ಚಿತ್ರಗಳು. ಅವನ್ನು ತೊಳೆಸಿ ನೋಡುವವರೆಗೆ ಯಾರು ಕಣ್ಣು ಮುಚ್ಚಿದ್ದರೆಂದು ತಿಳಿಯುತ್ತಿರಲಿಲ್ಲ. 1969ರಲ್ಲಿ ಬೆಲ್ ಪ್ರಯೋಗಾಲಯದ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಸಿ.ಸಿ.ಡಿ. ಎಂಬ ಸಾಧನವನ್ನು ರೂಪಿಸಿದರು. ಸಿಲಿಕಾನ್ ಮೇಲೆ ಬಿದ್ದ ಫೋಟಾನುಗಳು ಎಲೆಕ್ಟ್ರಾನುಗಳನ್ನು ಬಿಡುಗಡೆ ಮಾಡುತ್ತವೆ. ಹಾಗೆ ಸೇರಿದ ಆವೇಶವನ್ನು ಸಾಲುಸಾಲಾಗಿ ಸಾಗಿಸಿ ಅಳೆದರೆ ಚಿತ್ರವು ಸಂಖ್ಯೆಗಳ ಪಟ್ಟಿಯಾಗುತ್ತದೆ. ಈ ಕೆಲಸಕ್ಕೆ ಅವರಿಗೆ 2009ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. 1975ರಲ್ಲಿ ಕೊಡಾಕ್ ಸಂಸ್ಥೆಯ ಯುವ ಇಂಜಿನಿಯರ್ ಸ್ಟೀವನ್ ಸ್ಯಾಸನ್ ಇಂಥ ಸಾಧನವನ್ನು ಬಳಸಿ, ಸುಮಾರು 3.6 ಕಿಲೋಗ್ರಾಂ ತೂಕದ ಡಿಜಿಟಲ್ ಕ್ಯಾಮೆರಾ ಒಂದನ್ನು ಜೋಡಿಸಿದರು. ಅದರ ಚಿತ್ರದಲ್ಲಿದ್ದದ್ದು 10,000 ಪಿಕ್ಸೆಲ್ ಮಾತ್ರ, ಅದೂ ಕಪ್ಪು-ಬಿಳುಪು. ಅಷ್ಟನ್ನು ಕ್ಯಾಸೆಟ್ ಟೇಪಿನ ಮೇಲೆ ದಾಖಲಿಸಲು 23 ಸೆಕೆಂಡು ಬೇಕಾಗುತ್ತಿತ್ತು.

ಇಲ್ಲೇ ಇದೆ ತೊಡಕು. 4,000 × 3,000 ಪಿಕ್ಸೆಲ್‌ಗಳ ಒಂದು ಬಣ್ಣದ ಚಿತ್ರವನ್ನು ತೆಗೆದುಕೊಳ್ಳಿ. ಪ್ರತಿ ಪಿಕ್ಸೆಲ್‌ಗೆ ಕೆಂಪು, ಹಸಿರು, ನೀಲಿ ಎಂದು 3 ಬೈಟ್ ಕೊಟ್ಟರೆ ಒಟ್ಟು 3.6 ಕೋಟಿ ಬೈಟ್, ಅಂದರೆ 36 ಮೆಗಾಬೈಟ್. ಬೆಳಕನ್ನು ಸಂಖ್ಯೆಯಾಗಿಸಿದರಷ್ಟೇ ಸಾಲದು, ಆ ಸಂಖ್ಯೆಗಳನ್ನು ಕುಗ್ಗಿಸಲೂಬೇಕು.

ತೀರಾ ಸರಳವೆನಿಸಿದ ಪ್ರಸ್ತಾವ

ನಾಸಿರ್ ಅಹ್ಮದ್ ಹುಟ್ಟಿದ್ದು 1940ರಲ್ಲಿ. ಇಂದು ಯು.ವಿ.ಸಿ.ಇ. ಎಂದು ಹೆಸರಾದ ಬೆಂಗಳೂರಿನ ಕಾಲೇಜಿನಲ್ಲಿ 1961ರಲ್ಲಿ ಇಂಜಿನಿಯರಿಂಗ್ ಪದವಿ ಪಡೆದು, ಅಮೆರಿಕದ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದಲ್ಲಿ 1966ರಲ್ಲಿ ಡಾಕ್ಟರೇಟ್ ಗಳಿಸಿದರು. ಅನಂತರ ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು. ಕೊಸೈನ್ ಅಲೆಗಳನ್ನು ಬಳಸಿ ದತ್ತಾಂಶವನ್ನು ಕುಗ್ಗಿಸುವ ಸಾಧ್ಯತೆಯನ್ನು ಅಧ್ಯಯನ ಮಾಡಲು 1972ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಅನುದಾನ ಕೋರಿ ಬರೆದರು. ಪ್ರಸ್ತಾವ ತಿರಸ್ಕೃತವಾಯಿತು. ವಿಚಾರ ತೀರಾ ಸರಳವಾಗಿದೆ ಎಂಬುದು ಒಬ್ಬ ಪರಿಶೀಲಕರ ಅಭಿಪ್ರಾಯವಾಗಿತ್ತೆಂದು ಅಹ್ಮದ್ 1991ರಲ್ಲಿ ನೆನಪಿಸಿಕೊಂಡಿದ್ದಾರೆ.

ಅವರು ಕೈಬಿಡಲಿಲ್ಲ. 1973ರ ಬೇಸಿಗೆಯಲ್ಲಿ ಸಂಬಳದ ಆಸರೆಯಿಲ್ಲದೆ ಅದೇ ಕೆಲಸ ಮುಂದುವರಿಸಿದರು. ವಿದ್ಯಾರ್ಥಿ ಟಿ. ನಟರಾಜನ್ ಲೆಕ್ಕ ಮಾಡಿ ನೋಡಿದಾಗ ಫಲಿತಾಂಶ ನಿರೀಕ್ಷೆಗಿಂತ ಚೆನ್ನಾಗಿತ್ತು. ಇವರಿಬ್ಬರು ಮತ್ತು ಕೆ.ಆರ್. ರಾವ್ ಸೇರಿ 1974ರ ಜನವರಿಯಲ್ಲಿ ಪ್ರಕಟಿಸಿದ ಲೇಖನವೇ ‘ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್’, ಚಿಕ್ಕದಾಗಿ ಡಿ.ಸಿ.ಟಿ.

ಕೊಸೈನ್ ಮಾಡುವುದೇನು?

ಎರಡೇ ಪಿಕ್ಸೆಲ್‌ಗಳಿಂದ ಆರಂಭಿಸೋಣ. ಅವುಗಳ ಬೆಳಕು 100 ಮತ್ತು 104 ಆಗಿರಲಿ. ಇವನ್ನು ಸರಾಸರಿ 102, ಅದರಿಂದ ಇರುವ ಅಂತರ 2 ಎಂದು ಬರೆದರೆ ಯಾವ ಮಾಹಿತಿಯೂ ನಷ್ಟವಾಗಲಿಲ್ಲ. ಆದರೆ ಈಗ ಒಂದು ಸಂಖ್ಯೆ ದೊಡ್ಡದು, ಇನ್ನೊಂದು ಚಿಕ್ಕದು. ಚಿಕ್ಕದನ್ನು ಸೊನ್ನೆ ಮಾಡಿದರೆ ಎರಡೂ ಪಿಕ್ಸೆಲ್ 102 ಆಗುತ್ತವೆ. ಕಣ್ಣಿಗೆ ವ್ಯತ್ಯಾಸ ತಿಳಿಯುವುದು ಕಷ್ಟ.

ಡಿ.ಸಿ.ಟಿ. ಇದನ್ನೇ ದೊಡ್ಡ ಪ್ರಮಾಣದಲ್ಲಿ ಮಾಡುತ್ತದೆ. ಚಿತ್ರವನ್ನು 8 × 8 ಪಿಕ್ಸೆಲ್‌ಗಳ ಚೌಕಗಳಾಗಿ ವಿಭಜಿಸಲಾಗುತ್ತದೆ. ನಮ್ಮ ಉದಾಹರಣೆಯ ಚಿತ್ರದಲ್ಲಿ ಇಂಥ 1,87,500 ಚೌಕಗಳು. ಪ್ರತಿ ಚೌಕವನ್ನೂ 64 ಕೊಸೈನ್ ವಿನ್ಯಾಸಗಳ ಮೊತ್ತವಾಗಿ ಬರೆಯಬಹುದು. ಮೊದಲ ಸಂಖ್ಯೆ ಸರಾಸರಿಯನ್ನು ತಿಳಿಸಿದರೆ, ಉಳಿದವು ಕ್ರಮೇಣ ಸೂಕ್ಷ್ಮವಾಗುವ ಏರಿಳಿತಗಳನ್ನು ತಿಳಿಸುತ್ತವೆ. ಸಾಮಾನ್ಯ ಚಿತ್ರಗಳಲ್ಲಿ ಅಕ್ಕಪಕ್ಕದ ಪಿಕ್ಸೆಲ್‌ಗಳು ಹೆಚ್ಚುಕಡಿಮೆ ಒಂದೇ ತೆರನಾಗಿರುವುದರಿಂದ ಮೊದಲ ಕೆಲವೇ ಸಂಖ್ಯೆಗಳು ದೊಡ್ಡವು.

ಕೊಸೈನೇ ಏಕೆ? ಸಾಮಾನ್ಯ ಫೂರಿಯೇ ವಿಧಾನವು ಚೌಕ ಹಾಗೆಯೇ ಪುನರಾವರ್ತನೆಯಾಗುತ್ತದೆಂದು ಭಾವಿಸುತ್ತದೆ. ಆಗ ಬಲ ಅಂಚಿನಿಂದ ಎಡ ಅಂಚಿಗೆ ಸುಳ್ಳು ಜಿಗಿತವೊಂದು ಹುಟ್ಟುತ್ತದೆ. ಕೊಸೈನ್ ವಿಧಾನದಲ್ಲಿ ಅಂಚಿನಾಚೆ ಕನ್ನಡಿ ಹಿಡಿದಂತೆ, ಜಿಗಿತ ಇರುವುದಿಲ್ಲ.

1992ರಲ್ಲಿ ರೂಪುಗೊಂಡ ಜೆಪೆಗ್ ಮಾನಕವು ಡಿ.ಸಿ.ಟಿ.ಯನ್ನೇ ಆಧಾರವಾಗಿ ತೆಗೆದುಕೊಂಡಿತು. ಪ್ರತಿ ಸಂಖ್ಯೆಯನ್ನೂ ನಿಗದಿತ ಭಾಜಕದಿಂದ ಭಾಗಿಸಿ ಪೂರ್ಣಾಂಕಕ್ಕೆ ತರುವಾಗ ಸೂಕ್ಷ್ಮ ಏರಿಳಿತಗಳ ಸಂಖ್ಯೆಗಳು ಬಹುಪಾಲು ಸೊನ್ನೆಯಾಗುತ್ತವೆ. ನಷ್ಟವಾಗುವುದು ಈ ಹಂತದಲ್ಲಿ. 36 ಮೆಗಾಬೈಟಿನ ಚಿತ್ರ ಹತ್ತನೆಯ ಒಂದು ಭಾಗಕ್ಕೆ ಇಳಿದರೂ ಕಣ್ಣಿಗೆ ಕೊರತೆ ಕಾಣದು. ಪತ್ರಿಕಾ ಕಚೇರಿಗೆ ಕ್ಷಣದಲ್ಲಿ ಬರುವ ಚಿತ್ರ, ದೂರದ ಊರಿನ ಮಗ ತಾಯಿಗೆ ಕಳುಹಿಸುವ ಮೊಮ್ಮಗುವಿನ ಚಿತ್ರ, ಡಿಜಿಟಲ್ ವಿಡಿಯೊ ಇವೆಲ್ಲದರ ಹಿಂದೆ ಡಿ.ಸಿ.ಟಿ. ಅಥವಾ ಅದರ ಕುಟುಂಬದ ರೂಪಾಂತರಗಳಿವೆ.

ಕಣ್ಣಿಗೆ ಸಾಕು, ಅಳತೆಗೆ ಸಾಲದು

ಈಗ ವಿದ್ಯಾರ್ಥಿನಿಯ ಮೆಟ್ಟಿಲುಗಳು ಅರ್ಥವಾಗುತ್ತವೆ. ಕಳುಹಿಸುವಾಗ ಚಿತ್ರ ಮತ್ತೊಮ್ಮೆ ಕುಗ್ಗಿತ್ತು. ಮಸುಕಾದ ಭಾಗದ ಚೌಕಗಳಲ್ಲಿ ಸರಾಸರಿ ಮಾತ್ರ ಉಳಿದಿತ್ತು. ಒಂದು ಚೌಕದ ಸರಾಸರಿಯಿಂದ ಇನ್ನೊಂದರ ಸರಾಸರಿಗೆ ಇಳಿಯುವುದೇ ಮೆಟ್ಟಿಲು. ಜೆಪೆಗ್ ತಯಾರಾದದ್ದು ಮನುಷ್ಯನ ಕಣ್ಣಿಗಾಗಿ. ಕಣ್ಣು ಗಮನಿಸದ್ದನ್ನು ಅದು ಎಸೆಯುತ್ತದೆ. ಹಾಗೆ ಎಸೆದದ್ದರಲ್ಲಿ ನಮ್ಮ ಪ್ರಯೋಗದ ಉತ್ತರವೂ ಇರಬಹುದು. ಎಸೆದದ್ದನ್ನು ಮತ್ತೆ ಪಡೆಯಲಾಗದು. ಆದ್ದರಿಂದ ಅಳತೆಗೆ ಬಳಸುವ ಚಿತ್ರದ ಮೂಲಪ್ರತಿಯನ್ನು ಕಾಪಾಡಿಕೊಳ್ಳುವುದು ಅಗತ್ಯ. ಮನೆಯ ಹಳೆಯ ಚಿತ್ರಗಳಿಗೂ ಈ ಮಾತು ಅನ್ವಯಿಸುತ್ತದೆ.

ಮರುದಿನ ಆಕೆ ಕುಗ್ಗಿಸದ ‘ರಾ’ ರೂಪದಲ್ಲಿ ಚಿತ್ರ ತೆಗೆದು, ಕಡತವನ್ನು ತಂತಿಯ ಮೂಲಕ ನೇರವಾಗಿ ಕಂಪ್ಯೂಟರಿಗೆ ವರ್ಗಾಯಿಸಿದಳು. ಮೆಟ್ಟಿಲುಗಳು ಮಾಯವಾಗಿದ್ದವು. ತನ್ನ ವರದಿಯಲ್ಲಿ ಎರಡೂ ನಕ್ಷೆಗಳನ್ನು ಅಂಟಿಸಲೇ ಎಂದು ಕೇಳಿದಳು. ಅಂಟಿಸು, ಮೊದಲನೆಯದನ್ನು ಮಾತ್ರ ಬಿಡಬೇಡ ಎಂದೆ.