ನಲ್ಲಿ ಮೂಳೆಯೊಳಗಿನ ನೆಣ

ಹೈದರಾಬಾದಿನಲ್ಲೋ ಮುಂಬಯಿಯಲ್ಲೋ ನಿಹಾರಿ ತಿಂದವರು ನಲ್ಲಿ ಮೂಳೆಯನ್ನು ತಟ್ಟೆಗೆ ಕುಟ್ಟಿ ಒಳಗಿನದ್ದನ್ನು ಹೀರಿರುತ್ತಾರೆ. ಬಾಯಿಗೆ ಬರುವುದು ಬೆಣ್ಣೆಯಂಥ ನೆಣ. ಅದೇ ಪ್ರಾಣಿಯ ಬೆನ್ನುಮೂಳೆಯನ್ನು ಕಡಿದರೆ ಒಳಗೆ ಕಾಣುವುದು ರಕ್ತಗೆಂಪು. ಕನ್ನಡದಲ್ಲಿ ಎರಡಕ್ಕೂ ಮಜ್ಜೆ ಎಂಬ ಒಂದೇ ಹೆಸರು.

ಸುಶ್ರುತ ಸಂಹಿತೆ ಮಾತ್ರ ಈ ವ್ಯತ್ಯಾಸವನ್ನು ಗಮನಿಸಿದೆ. ದೊಡ್ಡ ಮೂಳೆಗಳ ಒಳಗಿರುವುದು ಮಜ್ಜೆ, ಉಳಿದವುಗಳಲ್ಲಿ ಇರುವುದು ರಕ್ತ ಬೆರೆತ ಮೇದಸ್ಸು ಎನ್ನುತ್ತದೆ ಅದು. ನೋಟ ಚುರುಕಾಗಿದೆ. ಹಾಗೆಂದು ‘ನಮ್ಮವರಿಗೆ ಆಗಲೇ ಎಲ್ಲ ಗೊತ್ತಿತ್ತು’ ಎಂದು ವಾಟ್ಸಾಪಿನಲ್ಲಿ ಹಂಚುವಂತಿಲ್ಲ. ಸಪ್ತಧಾತುಗಳ ಸಾಲಿನಲ್ಲಿ ರಕ್ತ ಎರಡನೆಯದು, ಮಜ್ಜೆ ಆರನೆಯದು. ರಕ್ತವೇ ಮೊದಲು, ಮಜ್ಜೆ ಬಹಳ ಆಮೇಲೆ. ಯುರೋಪಿನ ವೈದ್ಯರೂ ರಕ್ತದ ತವರನ್ನು ಪಿತ್ತಜನಕಾಂಗದಲ್ಲಿ, ಗುಲ್ಮದಲ್ಲಿ ಹುಡುಕುತ್ತಿದ್ದರು.

1868ರ ಅಕ್ಟೋಬರಿನಲ್ಲಿ, ಆಗ ಪ್ರಶ್ಯಾಕ್ಕೆ ಸೇರಿದ್ದ ಕೋನಿಗ್ಸ್‌ಬರ್ಗ್ ಊರಿನ ಅರ್ನ್ಸ್ಟ್ ನಾಯ್ಮನ್ ಒಂದು ಚಿಕ್ಕ ಟಿಪ್ಪಣಿ ಪ್ರಕಟಿಸಿದ. ಮನುಷ್ಯರ ಮತ್ತು ಮೊಲಗಳ ಮೂಳೆಗಳನ್ನು ಹಿಂಡಿ, ಜಿನುಗಿದ ರಸವನ್ನು ಅವನು ಸೂಕ್ಷ್ಮದರ್ಶಕದಡಿ ಇಟ್ಟಿದ್ದ. ಅಲ್ಲಿ ನಡುವೆ ಬೀಜವಿದ್ದ ಕೆಂಪು ರಕ್ತಕಣಗಳು ಕಂಡವು. ನಮ್ಮ ನಾಳಗಳಲ್ಲಿ ಹರಿಯುವ ಕೆಂಪು ಕಣಗಳಿಗೆ ಬೀಜವಿರುವುದಿಲ್ಲ. ಭ್ರೂಣದ ರಕ್ತದಲ್ಲಿ ಮಾತ್ರ ಅಂಥವು ಕಂಡಿದ್ದವು. ಅಂದರೆ ಇವು ಇನ್ನೂ ತಯಾರಾಗುತ್ತಿರುವ ಕಣಗಳು, ಮತ್ತು ತಯಾರಿ ನಡೆಯುತ್ತಿರುವುದು ಮೂಳೆಯೊಳಗೆ, ಅದೂ ಬದುಕಿನುದ್ದಕ್ಕೂ. ಅದೇ ವರ್ಷ ಇಟಲಿಯ ಪಾವಿಯಾದಲ್ಲಿ 22 ವರ್ಷದ ಜೂಲಿಯೊ ಬಿಜೊಜೆರೊ ಸ್ವತಂತ್ರವಾಗಿ ಅದೇ ತೀರ್ಮಾನಕ್ಕೆ ಬಂದ. ಬಹಳ ಮಂದಿ ಒಪ್ಪಲಿಲ್ಲ. ಮೂಳೆ ಎಂದರೆ ಊರುಗೋಲು, ಕಾರ್ಖಾನೆಯಲ್ಲ ಎಂಬ ನಂಬಿಕೆ ಗಟ್ಟಿಯಾಗಿತ್ತು.

ನಾಯ್ಮನ್ ಅಲ್ಲಿಗೇ ನಿಲ್ಲಲಿಲ್ಲ. ಹುಟ್ಟುವಾಗ ಎಲ್ಲ ಮೂಳೆಗಳಲ್ಲೂ ಕೆಂಪು ಮಜ್ಜೆಯಿರುತ್ತದೆ. ವಯಸ್ಸಾದಂತೆ ಅದು ಕೈಕಾಲುಗಳ ತುದಿಯಿಂದ ಮುಂಡದ ಕಡೆಗೆ ಹಿಂದೆ ಸರಿಯುತ್ತದೆ, ತೆರವಾದ ಜಾಗಕ್ಕೆ ಹಳದಿ ಕೊಬ್ಬು ಬರುತ್ತದೆ ಎಂದು 1882ರಲ್ಲಿ ಬರೆದ. ಇಂದಿಗೂ ಪೆಥಾಲಜಿಸ್ಟರು ಮಜ್ಜೆಯ ಚೂರನ್ನು ನೋಡುವಾಗ ಒಂದು ಅಂದಾಜು ಲೆಕ್ಕ ಹಿಡಿಯುತ್ತಾರೆ: ನೂರರಲ್ಲಿ ವಯಸ್ಸನ್ನು ಕಳೆಯಿರಿ. ಅರವತ್ತರವರಲ್ಲಿ ರಕ್ತ ಹುಟ್ಟಿಸುವ ಜೀವಕೋಶಗಳು ಸುಮಾರು ಶೇ. 40, ಮಿಕ್ಕಿದ್ದು ಕೊಬ್ಬು.

ಆ ಮಿಕ್ಕಿದ್ದನ್ನು ಬಹುಕಾಲ ಹೆಚ್ಚಿನವರು ಲೆಕ್ಕಕ್ಕೇ ಇಡಲಿಲ್ಲ. ಖಾಲಿ ಕೋಣೆಯಲ್ಲಿ ತುಂಬಿಟ್ಟ ಹತ್ತಿಯಂತೆ ಕಂಡರು. ಇದಕ್ಕೆ ಒಂದು ಕಾರಣ ತೀರಾ ಸಾದಾ. ಸ್ಲೈಡು ತಯಾರಿಸುವಾಗ ಬಳಸುವ ಆಲ್ಕೋಹಾಲು, ಜೈಲೀನುಗಳಲ್ಲಿ ಕೊಬ್ಬು ಕರಗಿ ಹೋಗುತ್ತದೆ. ಉಳಿಯುವುದು ಬಿಳಿ ತೂತುಗಳು. ನೋಡುವ ಮೊದಲೇ ತೊಳೆದುಹೋದದ್ದರ ಬಗ್ಗೆ ಕುತೂಹಲ ಹುಟ್ಟುವುದಾದರೂ ಹೇಗೆ?

ಕುತೂಹಲ ಇದ್ದವರಲ್ಲಿ ಷಿಕಾಗೊದ ಚಾರ್ಲ್ಸ್ ಹಗಿನ್ಸ್ ಒಬ್ಬ. ಕ್ಯಾನ್ಸರ್ ಸಂಶೋಧನೆಗೆ 1966ರಲ್ಲಿ ನೊಬೆಲ್ ಪಡೆದವನು ಇವನೇ. ಮೈಯ ತುದಿಗಳು ತಣ್ಣಗಿರುವುದರಿಂದಲೇ ಅಲ್ಲಿ ಕೊಬ್ಬು ತುಂಬುತ್ತದೆಯೇ ಎಂಬುದು ಅವನ ಪ್ರಶ್ನೆ. ಇಲಿಯ ಬಾಲವನ್ನು ಬಗ್ಗಿಸಿ, ತುದಿಯನ್ನು ಅದರದೇ ಬೆಚ್ಚಗಿನ ಹೊಟ್ಟೆಯೊಳಗೆ ಸೇರಿಸಿ ಹೊಲಿದ. ಬಾಲದ ಹಳದಿ ಮಜ್ಜೆ ಕೆಂಪಾಯಿತು. 1936ರಲ್ಲಿ ಪ್ರಕಟವಾದ ಈ ಪ್ರಯೋಗವನ್ನು ಓದುವಾಗ ಇಲಿಯ ಬಗ್ಗೆ ಮರುಕವೂ ಆಗುತ್ತದೆ. ಆದರೆ ನಾಯ್ಮನ್ ಕಂಡ ಹಿಮ್ಮೆಟ್ಟುವಿಕೆ ಒಮ್ಮುಖದ್ದಲ್ಲ ಎಂಬುದು ಇದರಿಂದ ಕಣ್ಣಿಗೆ ಕಂಡಿತು.

ಮೂಳೆಯ ಗಟ್ಟಿತನದ ಮಾತು ಬಂದದ್ದು 1971ರಲ್ಲಿ. ಫ್ರಾನ್ಸಿನ ಪಿಯರ್ ಮ್ಯೂನಿಯೆ ಮತ್ತು ಸಂಗಡಿಗರು ಸೊಂಟದ ಮೂಳೆಯ ಚೂರುಗಳನ್ನು ಅಳೆದು, ಟೊಳ್ಳುಮೂಳೆ ರೋಗ, ಅಂದರೆ ಆಸ್ಟಿಯೊಪೊರೋಸಿಸ್ ಇದ್ದವರ ಮಜ್ಜೆಯಲ್ಲಿ ಕೊಬ್ಬು ಹೆಚ್ಚು ಎಂದು ತೋರಿಸಿದರು. ಮೂಳೆ ಕಟ್ಟುವ ಜೀವಕೋಶವೂ ಮಜ್ಜೆಯ ಕೊಬ್ಬಿನ ಜೀವಕೋಶವೂ ಒಂದೇ ಬಗೆಯ ತಾಯಿಕೋಶದಿಂದ ಕವಲೊಡೆಯುತ್ತವೆ ಎಂಬುದು ಆಮೇಲೆ ತಿಳಿಯಿತು. ಒಂದು ಕವಲಿಗೆ ಹೆಚ್ಚು ಹೋದರೆ ಇನ್ನೊಂದಕ್ಕೆ ಕಡಿಮೆ. ಸಕ್ಕರೆ ಕಾಯಿಲೆಯ ರೋಸಿಗ್ಲಿಟಜೋನ್ ಮಾತ್ರೆ ಆ ತಾಯಿಕೋಶವನ್ನು ಕೊಬ್ಬಿನ ಕಡೆಗೆ ತಳ್ಳುತ್ತದೆ. ಅದನ್ನು ನುಂಗುತ್ತಿದ್ದ ಹೆಂಗಸರಲ್ಲಿ ಮೂಳೆಮುರಿತ ಹೆಚ್ಚೆಂದು 2006ರಲ್ಲಿ ವರದಿಯಾಯಿತು.

ಇದನ್ನು ಬೊಜ್ಜಿನ ಕಥೆ ಎಂದುಕೊಂಡು ನಿಟ್ಟುಸಿರಿಡುವ ತೆಳ್ಳಗಿನವರು ಸ್ವಲ್ಪ ತಾಳಬೇಕು. ಉಣ್ಣಲೊಲ್ಲದೆ ಎಲುಬುಗೂಡಾಗುವ ಅನೊರೆಕ್ಸಿಯಾ ರೋಗಿಗಳಲ್ಲಿ ಹೊಟ್ಟೆ, ತೊಡೆಗಳ ಕೊಬ್ಬು ಕರಗಿದರೂ ಮಜ್ಜೆಯದ್ದು ಏರಿರುತ್ತದೆ, ಮೂಳೆ ಸವೆದಿರುತ್ತದೆ. ಹಸಿವಿಗೂ ಕರಗದ ಈ ನೆಣ ಸೊಂಟದ ಸುತ್ತಿನದ್ದಲ್ಲ, ಬೇರೆಯೇ ಜಾತಿಯದ್ದು.

ರಕ್ತಕ್ಕೆ ಅದು ಮಿತ್ರನೋ ಶತ್ರುವೋ? 2009ರಲ್ಲಿ ಬಾಸ್ಟನ್ನಿನ ತಂಡವೊಂದು ಇಲಿಯ ಬಾಲದ ಮೂಳೆಗಳನ್ನೇ ಮತ್ತೆ ಹಿಡಿಯಿತು. ಕೊಬ್ಬು ತುಂಬಿದ ಅಲ್ಲಿನ ಮಜ್ಜೆಯಲ್ಲಿ ರಕ್ತದ ಮೂಲಕೋಶಗಳು ಕಡಿಮೆ. ಕೊಬ್ಬು ಅವುಗಳನ್ನು ಅದುಮಿಡುತ್ತದೆ ಎಂಬ ತೀರ್ಮಾನ ಬಂತು. 2017ರಲ್ಲಿ ಡಲ್ಲಾಸಿನ ತಂಡ ವಿಕಿರಣದಿಂದ ಮಜ್ಜೆ ಬರಿದಾದ ಇಲಿಗಳನ್ನು ನೋಡಿತು. ಕಾಲಿನ ನೀಳ ಮೂಳೆಗಳಲ್ಲಿ, ಅಂದರೆ ನಮ್ಮ ನಲ್ಲಿಯಲ್ಲಿ, ರಕ್ತಕೋಶಗಳು ಮತ್ತೆ ಚಿಗುರಲು ಬೇಕಾದ ಪ್ರೋಟೀನನ್ನು ಒದಗಿಸುತ್ತಿದ್ದುದು ಕೊಬ್ಬಿನ ಕೋಶಗಳೇ. ಬಾಲದಲ್ಲಿ ಮಾತ್ರ ಅವು ಅಡ್ಡಿ ಮಾಡುವುದನ್ನು ಬಿಟ್ಟಿರಲಿಲ್ಲ.